ಕಾರಣಿಕಕ್ಕೆ ಎರಡನೇ ಮಾತಿಲ್ಲ

ಪುಸ್ತಕ ಕೊಳ್ಳುವವರು ಬೆಲೆ ನೋಡುತ್ತಾರೆ, ಹೆಸರು ನೋಡುತ್ತಾರೆ. ತೀರಾ ಅನುಮಾನದವರಾದರೆ ಕೊನೆಯ ಪುಟ ತಿರುವಿ, ಕಥೆಯ ಹೆಣ್ಣುಮಗಳು ಬದುಕಿದ್ದಾಳೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಮೀನಾಕ್ಷಿ ಮಾತ್ರ ಮೊದಲ ಸಾಲು ಬಿಟ್ಟರೆ ಬೇರೇನನ್ನೂ ನೋಡುತ್ತಿರಲಿಲ್ಲ. ಹಾವೇರಿಯ ಸ್ಟೇಷನ್ ರಸ್ತೆಯಲ್ಲಿರುವ ಚಮನಸಾಬರ ಹಳೇ ಪುಸ್ತಕದಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಒಂದೊಂದೇ ಪುಸ್ತಕ ತೆರೆದು, ಒಂದು ಸಾಲು ಓದಿ, ಮುಖ ಸಿಂಡರಿಸಿ ಕೆಳಗಿಡುತ್ತಿದ್ದಳು.

ಮೊದಲನೆಯದು ಹೀಗೆ ಶುರುವಾಗಿತ್ತು: ‘ಹಿಮ ಬೀಳುತ್ತಿತ್ತು, ಮುದುಕನ ಶವದ ಹಿಂದೆ ಅವನ ನಾಯಿಯೊಂದೇ ನಡೆಯುತ್ತಿತ್ತು.’ ಎರಡನೆಯದು: ‘ಆ ಚಳಿಗಾಲದಲ್ಲಿ ಅನಾಥಾಲಯದ ಹಾಸಿಗೆಗಳು ಒಂದೊಂದಾಗಿ ಖಾಲಿಯಾದವು.’ ಮೀನಾಕ್ಷಿ ಅದನ್ನು ಕೆಂಡ ಮುಟ್ಟಿದವಳ ಹಾಗೆ ಕೆಳಗೆ ಹಾಕಿದಳು. ಕ್ರಿಸ್‌ಮಸ್ ಕಥೆ ಬರೆಯುವವರದೊಂದು ಚಾಳಿ. ಕೊನೆಯ ಪುಟದಲ್ಲಿ ಎಲ್ಲರಿಗೂ ಕೇಕು ಹಂಚುವುದಿದೆಯಲ್ಲ ಎಂಬ ಧೈರ್ಯದ ಮೇಲೆ, ಮೊದಲ ಪುಟದಲ್ಲಿ ಒಬ್ಬರನ್ನಾದರೂ ಚಳಿಗೆ ಸಾಯಿಸಿಯೇ ಶುರು ಮಾಡುತ್ತಾರೆ.

“ಅಕ್ಕಾರ, ನೀವು ಪುಸ್ತಕ ಆರಸಾಕತ್ತೀರೋ, ಅಕ್ಕಿ ಹಸನ ಮಾಡಾಕತ್ತೀರೋ?” ಎಂದರು ಚಮನಸಾಬರು.

“ಕ್ರಿಸ್‌ಮಸ್ ಪುಸ್ತಕ ಬೇಕ್ರಿ. ಶುರುವಿಗೇ ಯಾರೂ ಸಾಯದಂಥಾದ್ದು.”

“ಸಾಯೋದೇನ ತಪ್ಪಲ್ಲಲ್ರಿ, ಕಥಿ ಅದು.”

“ನಮ್ಮನ್ಯಾಗ ಕಥಿ ಅಲ್ರಿ,” ಎಂದಳು ಮೀನಾಕ್ಷಿ.

ಅವಳ ಮನೆಯ ಸಂಗತಿ ತಿಳಿಯದವರಿಗೆ ಈ ಮಾತು ಹುಚ್ಚೆನಿಸುತ್ತದೆ. ಅವಳ ಅವ್ವ ಮೈಲವ್ವನ ತವರು ದೇವರಗುಡ್ಡ. ಅಲ್ಲಿ ದಸರೆಯ ಹೊತ್ತಿಗೆ ಮೈಲಾರಲಿಂಗನ ಗೊರವಯ್ಯ ಎತ್ತರದ ಬಿಲ್ಲು ಏರಿ, ಸದ್ದು ಬೇಡವೆಂದು ‘ಸದ್ದಲೇ’ ಕೂಗುತ್ತಾನೆ. ನೆರೆದವರ ಉಸಿರು ಕೂಡ ನಿಂತ ಮೇಲೆ ಒಂದೇ ಒಂದು ಮಾತು ಆಡಿ, ‘ಪರಾಕ್’ ಎಂದು ಕೆಳಗೆ ಬೀಳುತ್ತಾನೆ. ಆ ಒಂದು ಮಾತೇ ಕಾರಣಿಕ. ಮಳೆಯೋ ಬೆಳೆಯೋ ರಾಜ್ಯವೋ, ಆ ವರ್ಷದ್ದೆಲ್ಲ ಅದರೊಳಗೇ ಇರುತ್ತದೆಂದು ಸುತ್ತಲಿನ ಸೀಮೆ ನಂಬಿದೆ. ಮೈಲವ್ವನ ಅಪ್ಪ ಆ ಮಾತಿನ ಅರ್ಥ ಬಿಡಿಸಿ ಹೇಳುವುದರಲ್ಲಿ ಎತ್ತಿದ ಕೈ. ಆ ಗುಣ ಮಗಳಿಗೂ ಬಂತು. ಆದರೆ ಅವಳು ಅದಕ್ಕೆ ದಸರೆಯವರೆಗೆ ಕಾಯುತ್ತಿರಲಿಲ್ಲ.

ಅವಳ ಲೆಕ್ಕದಲ್ಲಿ ಮನೆಗೆ ಯಾವ ಪುಸ್ತಕ ಬಂದರೂ, ಬಾಯಿ ಬಿಟ್ಟು ಓದಿದ ಮೊದಲ ಮಾತು ಆ ಮನೆಯ ಕಾರಣಿಕ. ಪ್ರತಿ ಜೂನಿನಲ್ಲಿ ಹೆಣ್ಣುಮಕ್ಕಳಿಬ್ಬರ ಪಠ್ಯಪುಸ್ತಕಗಳನ್ನು ಮುಂದಿಟ್ಟುಕೊಂಡು, ತಲೆಯ ಮೇಲೆ ಸೆರಗು ಹೊದ್ದು ಕೇಳುತ್ತಿದ್ದಳು. ವಿಜ್ಞಾನದ ಪುಸ್ತಕ ‘ಎಲ್ಲ ಜೀವಿಗಳಿಗೂ ಗಾಳಿ ಬೇಕು’ ಎಂದರೆ ಮೈಲವ್ವನಿಗೆ ಸಮಾಧಾನ. ಇತಿಹಾಸದ ಪುಸ್ತಕವೊಂದು ‘ಸಾಮ್ರಾಜ್ಯದ ಪತನವು ಆರಂಭವಾಯಿತು’ ಎಂದ ವರ್ಷ, ಲೈನ್‌ಮನ್ ಆಗಿದ್ದ ಅಪ್ಪ ಕಂಬದಿಂದ ಬಿದ್ದು ಕಾಲು ಮುರಿದುಕೊಂಡ. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಗಂಡನಿಗೆ ಮೈಲವ್ವ ಹೇಳಿದ್ದು ಒಂದೇ: “ಹೇಳಿತ್ತಲ್ಲ.”

ಅಕ್ಕತಂಗಿಯರು ಇದನ್ನು ಹೇಳಿಕೊಂಡು ಬಿದ್ದುಬಿದ್ದು ನಗುತ್ತಿದ್ದರು. ಆ ನಗು ನಿಂತು ಈಗ ಎರಡು ವರ್ಷ. ತಂಗಿ ಪ್ರಿಯಾಂಕಾಳ ಮೊದಲ ಬಸಿರು ನಿಂತಿರಲಿಲ್ಲ. ಎರಡನೆಯ ಸಲ ಅವಳು ಯಾವುದೋ ಕಾದಂಬರಿ ಹಿಡಿದುಕೊಂಡು ಅವ್ವನ ಮುಂದೆ ಮೊದಲ ಸಾಲು ಓದಿದ್ದಳು: ‘ಕೋಣೆಯಲ್ಲಿ ಯಾರೂ ಇರಲಿಲ್ಲ.’ ಮುಂದಿನ ವಾರವೇ ಆ ಬಸಿರೂ ಹೋಯಿತು. ಮೀನಾಕ್ಷಿ ಎಂ.ಎ. ಓದಿದವಳು, ಹಾವೇರಿಯ ಕೋರ್ಟಿನಲ್ಲಿ ಗುಮಾಸ್ತೆ, ಸಾಕ್ಷಿ ಪುರಾವೆ ಎಂದರೇನೆಂದು ಗೊತ್ತಿದ್ದವಳು. ಆದರೂ ಆ ದಿನದಿಂದ ಮೊದಲ ಸಾಲನ್ನು ಅವಳೂ ಬಾಯಿ ಬಿಟ್ಟು ಓದುತ್ತಿರಲಿಲ್ಲ.

ಈಗ ಪ್ರಿಯಾಂಕಾಳಿಗೆ ಮತ್ತೆ ದಿನ ತುಂಬುತ್ತಿದ್ದವು. ಎಂಟು ಮುಗಿದು ಒಂಬತ್ತರಲ್ಲಿ ಬಿದ್ದಿತ್ತು. ರಾಣೆಬೆನ್ನೂರಿನ ತವರುಮನೆಯಲ್ಲಿ, ಡಾಕ್ಟರು ಹೇಳಿದಂತೆ ಎಡಮಗ್ಗುಲಾಗಿ ಮಲಗಿಯೇ ಇದ್ದಳು. ಅವಳು ಕೇಳಿದ್ದು ಮಾವಿನಕಾಯಿಯಲ್ಲ, ಹುಣಸೆಹಣ್ಣಲ್ಲ, ಕ್ರಿಸ್‌ಮಸ್ಸಿಗೆ ಒಂದು ಪುಸ್ತಕ. ಕಾನ್ವೆಂಟ್ ಶಾಲೆಯಲ್ಲಿದ್ದಾಗ ಸಿಸ್ಟರ್ ಒಬ್ಬರು ಡಿಸೆಂಬರಿನ ರಜೆಗೆ ಪ್ರತಿ ಹುಡುಗಿಗೂ ಒಂದೊಂದು ಹಬ್ಬದ ಕಥೆಪುಸ್ತಕ ಕೊಟ್ಟು ಕಳಿಸುತ್ತಿದ್ದರು. ಶಾಲೆ ಬಿಟ್ಟರೂ ಆ ರೂಢಿ ಪ್ರಿಯಾಂಕಾಳನ್ನು ಬಿಡಲಿಲ್ಲ. ಪುಸ್ತಕವೇ ಬೇಡವೆಂದು ಮೈಲವ್ವ ಹಟ ಹಿಡಿದಾಗ, ಅವಳು ಅವ್ವನ ನಾಣ್ಯವನ್ನೇ ಅವ್ವನಿಗೆ ಚಲಾಯಿಸಿದಳು.

“ಕೂಸು ಹೋದ ಎರಡೂ ವರ್ಷ ನಾ ಕ್ರಿಸ್‌ಮಸ್ ಪುಸ್ತಕ ಓದಿರಲಿಲ್ಲವ್ವ. ವಿಚಾರ ಮಾಡು.”

ಮೈಲವ್ವ ವಿಚಾರ ಮಾಡಿದಳು, ಹೆದರಿದಳು, ಒಪ್ಪಿದಳು. ಮೊದಲ ಸಾಲು ನೆಟ್ಟಗಿರುವ ಪುಸ್ತಕ ಹುಡುಕುವ ಭಾರ ಮೀನಾಕ್ಷಿಯ ಮೇಲೆ ಬಿತ್ತು.

ಚಮನಸಾಬರು ಕಪಾಟಿನ ಹಿಂದಿನಿಂದ ತೆಳ್ಳಗಿನದೊಂದು ತೆಗೆದುಕೊಟ್ಟರು. ರಟ್ಟಿನ ಮೇಲೆ ಸಮುದ್ರದ ದಂಡೆಯ ಒಂದು ಊರು, ಬಿಳಿ ಚರ್ಚು, ಮೇಲೊಂದು ನಕ್ಷತ್ರ. ಮೀನಾಕ್ಷಿ ಮೊದಲ ಪುಟ ತೆರೆದಳು. ‘ಮಕ್ಕಳೇ, ಹಬ್ಬ ಬಂತು, ಬಾಗಿಲು ತೆರೆಯಿರಿ, ದೀಪ ಹಚ್ಚಿರಿ.’

ಬಾಗಿಲು ತೆರೆಯಿರಿ. ಹೆರಿಗೆಗೆ ಇದಕ್ಕಿಂತ ಒಳ್ಳೆಯ ಮಾತು ಯಾರು ಬರೆದುಕೊಟ್ಟಾರು? ಅವಳು ಆ ಸಾಲನ್ನು ಮತ್ತೆ ಓದಿದಳು. ಮುಂದಿನ ಪುಟ ತಿರುವಲು ಮನಸ್ಸಾಗಲಿಲ್ಲ. ಒಳ್ಳೆಯದು ಸಿಕ್ಕಾಗ ಕೆದಕಬಾರದೆಂದು ಕೊಂಡು, ಚೀಲಕ್ಕೆ ಹಾಕಿಕೊಂಡು, ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಕೋರ್ಟಿಗೆ ಕ್ರಿಸ್‌ಮಸ್ ರಜೆ ಬಿದ್ದಿತ್ತು. ಮೋಟೆಬೆನ್ನೂರು ದಾಟುವವರೆಗೂ ಅವಳ ಎದೆ ಹಗುರಾಗಿತ್ತು.

ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಮೈಲವ್ವ ದೇವರ ಗೂಡಿನಿಂದ ಚಿಟಿಕೆ ಭಂಡಾರ ತಂದು ಪುಸ್ತಕದ ರಟ್ಟಿಗೆ ಹಚ್ಚಿದಳು. ಮೈಲಾರಲಿಂಗನ ಆ ಅರಿಸಿನಪುಡಿ ನಕ್ಷತ್ರದ ಮೇಲೂ ಒಂದಿಷ್ಟು ಬಿತ್ತು. ಆಮೇಲೆ ಸೆರಗು ಹೊದ್ದು ಮಂಚದ ಕೆಳಗೆ ಕೂತಳು. ಒಲೆಯ ಮೇಲಿನ ಕುಕ್ಕರ್ ಸೀಟಿ ಹೊಡೆಯಿತು. ಪ್ರಿಯಾಂಕಾ ನಕ್ಕು ಹೊಟ್ಟೆ ಮುಟ್ಟಿಕೊಂಡಳು. ಆ ಕೂಸಿಗೆ ಸದ್ದೆಂದರೆ ಆಗದು. ಕುಕ್ಕರ್ ಕೂಗಿದರೆ, ಮಿಕ್ಸರ್ ಗುರುಗುಟ್ಟಿದರೆ ಒಳಗಿನಿಂದ ಒದೆಯುತ್ತಿತ್ತು. ಮೈಲವ್ವ ದಿನಾ ಅಡಿಗೆ ಮಾಡುತ್ತಿದ್ದದ್ದೇ ಆ ಒದೆತ ಕೇಳಲಿಕ್ಕೆ ಎಂದರೂ ತಪ್ಪಿಲ್ಲ.

“ಒದೀತೇನು?”

“ಒದೀತವ್ವಾ. ಸೊಕ್ಕೈತಿ ಇದಕ್ಕ.”

ಪ್ರಿಯಾಂಕಾ ಪುಸ್ತಕ ತೆರೆದಳು. ಬಾಗಿಲು, ದೀಪ, ಹಬ್ಬ ಎಲ್ಲ ಈಗ ಬರುತ್ತದೆಂದು ಮೀನಾಕ್ಷಿ ಗೋಡೆಗೆ ಒರಗಿ ಕಾದಳು. ಆದರೆ ಪ್ರಿಯಾಂಕಾ ನಿಜವಾದ ಓದುಗಾರ್ತಿ. ನಿಜವಾದ ಓದುಗರು ಮುನ್ನುಡಿ ಓದುವುದಿಲ್ಲ. ಅವಳು ಆ ಪುಟವನ್ನು ಸರ್ರನೆ ತಿರುವಿ, ಕಥೆ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಗಟ್ಟಿಯಾಗಿ ಓದಿದಳು.

“‘ಆ ವರ್ಷದ ಕ್ರಿಸ್‌ಮಸ್ಸಿಗೆ ಊರ ಗಂಟೆ ಸದ್ದು ಮಾಡಲಿಲ್ಲ.’”

ಮೈಲವ್ವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಮೀನಾಕ್ಷಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದೊಡನೆ ಗೋಡೆ ಬಿಟ್ಟು ಮಂಚಕ್ಕೆ ಧಾವಿಸಿದಳು.

“ಅದಲ್ಲ, ಅದಲ್ಲ ಮೊದಲನೇದ್ದು,” ಎಂದಳು. “ಹಿಂದಿನ ಹಾಳಿ ನೋಡು. ಹಬ್ಬ ಬಂತು, ಬಾಗಲಾ ತಗೀರಿ ಅಂತೈತಿ.”

“ಅದು ಮುನ್ನುಡಿ ಅಕ್ಕ. ಮುನ್ನುಡಿ ಯಾರ ಓದ್ತಾರ?”

“ಬರದದ್ದು ನಾ ಕೇಳಲಿಲ್ಲ,” ಎಂದಳು ಮೈಲವ್ವ. ದನಿ ಒಣಗಿತ್ತು. “ಬಾಯಿಂದ ಬಿದ್ದ ಮೊದಲನೇ ಮಾತು ಯಾವುದು?”

ಪ್ರಿಯಾಂಕಾ ಬೆರಳನ್ನು ಸಾಲಿನ ಮೇಲೆಯೇ ಇಟ್ಟುಕೊಂಡಿದ್ದಳು. “ಯಾಕ ಸದ್ದು ಮಾಡಲಿಲ್ಲ ಅಂತ ಮುಂದ ಇರತೈತವ್ವಾ. ಓದ್ತೇನಿ ತಡಿ.”

“ಮುಚ್ಚು.”

“ಒಂದ ಸಾಲು.”

“ಕಾರಣಿಕಕ್ಕ ಎರಡನೇ ಮಾತಿಲ್ಲ. ಗೊರವಯ್ಯ ಬಿಲ್ಲಿನಿಂದ ಬಿದ್ದಮ್ಯಾಲ ಎದ್ದು ಇನ್ನೊಂದು ಮಾತು ಹೇಳಿದ್ದು ಎಲ್ಯರ ಕೇಳೀಯೇನು?” ಮೈಲವ್ವ ಪುಸ್ತಕ ಕಸಿದುಕೊಂಡು, ಭಂಡಾರದ ಚೀಲದ ಜತೆಗೆ ಹಳದಿ ಬಟ್ಟೆಯಲ್ಲಿ ಸುತ್ತಿ, ದೇವರ ಗೂಡಿನೊಳಗೆ ತುರುಕಿದಳು.

ಅಲ್ಲಿಂದ ಆ ಮನೆಗೆ ಹೆದರಿಕೆ ಬಂದು ಕೂತಿತು. ಅದನ್ನು ಬೇರೆ ಹೆಸರಿನಿಂದ ಕರೆದು ಪ್ರಯೋಜನವಿಲ್ಲ. ಮೈಲವ್ವ ಕುಕ್ಕರ್ ಇಡುವುದನ್ನೇ ಬಿಟ್ಟು ಪಾತ್ರೆಯಲ್ಲಿ ಅನ್ನ ಬಸಿಯತೊಡಗಿದಳು. ಕುಕ್ಕರ್ ಕೂಗಿ, ಕೂಸು ಒದೆಯದೆ ಹೋದರೆ ಎಂಬ ಭಯ. ಗಂಟೆ ಎಂದರೆ ಏನು ಎಂದು ದಿನವಿಡೀ ಬಿಡಿಸುತ್ತಿದ್ದಳು. ಗಂಟೆಯ ಹೊಟ್ಟೆಯೊಳಗೆ ನಾಲಿಗೆ ಜೋತಾಡುತ್ತದೆ. ಹೊಟ್ಟೆಯೊಳಗೆ ಜೋತಾಡುವಂಥಾದ್ದು ಇನ್ನೇನಿದ್ದೀತು? ಆ ಅರ್ಥ ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಉಳಿದಿಬ್ಬರಿಗೆ ತಿಳಿದೇ ಇತ್ತು.

ಪುಸ್ತಕ ಅಲ್ಲೇ ಕೈಗೆಟುಕುವಲ್ಲಿತ್ತು. ಅವ್ವ ಹಿತ್ತಲಿಗೆ ಹೋದಾಗ ಮೀನಾಕ್ಷಿ ಎರಡನೇ ಸಾಲು ನೋಡಬಹುದಿತ್ತು. ಒಮ್ಮೆ ಗೂಡಿನ ಮುಂದೆ ನಿಂತು ಹಳದಿ ಬಟ್ಟೆಯ ಗಂಟಿಗೆ ಕೈ ಕೂಡ ಹಾಕಿದಳು. ‘ಯಾಕೆಂದರೆ’ ಎಂದು ಶುರುವಾಗಿ ಇನ್ನೂ ಕೆಟ್ಟದ್ದು ಇದ್ದರೆ? ಗಂಟೆ ಬಾರಿಸುವವನ ಕೂಸು ಸತ್ತಿತ್ತು ಅಂತಿದ್ದರೆ? ಕ್ರಿಸ್‌ಮಸ್ ಕಥೆಗಾರರನ್ನು ನಂಬುವ ಹಾಗಿಲ್ಲ. ಅವಳು ಕೈ ತೆಗೆದಳು. ಸಾಕ್ಷಿ ಪುರಾವೆಯ ಹೆಣ್ಣುಮಗಳು ಒಂದು ಮಕ್ಕಳ ಪುಸ್ತಕಕ್ಕೆ ಹೆದರಿ ಹಿಂದೆ ಸರಿದಳು. ಹಾಗೆ ಸರಿದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು, ಆ ಸಿಟ್ಟನ್ನು ತಂಗಿಯ ಮೇಲೆ ತೀರಿಸಿಕೊಂಡಳು.

ಹಬ್ಬಕ್ಕೆ ಇನ್ನೆರಡು ದಿನವಿದ್ದಾಗ, ಮಧ್ಯಾಹ್ನ, ಪ್ರಿಯಾಂಕಾ ಮೆಲ್ಲಗೆ ಕರೆದಿದ್ದಳು. “ಅಕ್ಕಾ, ಇದು ಯಾಕೋ ಸ್ವಲ್ಪ ಸುಮ್ಮನೈತಿ.”

“ಏನೂ ಇಲ್ಲ. ಆ ಪುಸ್ತಕದ ಗಂಟಿ ನಿನ್ನ ತಲ್ಯಾಗ ಕುಂತೈತಿ. ಮಲ್ಕೋ.”

ಪ್ರಿಯಾಂಕಾ ಮಲಗಿದಳು. ಆಮೇಲೆ ಏನೂ ಹೇಳಲಿಲ್ಲ. ಆದರೆ ಹೊದಿಕೆಯ ಕೆಳಗೆ ಅವಳ ಕೈ ಒಂದೇ ಕಡೆ ಒತ್ತಿಕೊಂಡಿತ್ತು. ಆಗಾಗ ಬೆರಳಿನಿಂದ ತಟ್ಟುತ್ತಿತ್ತು, ಮುಚ್ಚಿದ ಬಾಗಿಲು ಬಡಿದು ಕಾಯುವವರ ಹಾಗೆ. ಮೀನಾಕ್ಷಿ ಅದನ್ನು ನೋಡಿದಳು. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು.

ಪ್ರಿಯಾಂಕಾಳ ಗಂಡ ಮೈಲೇಶ ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯವರ ಹತ್ತಿರ ಕೆಲಸಕ್ಕಿದ್ದ. ಸುಗ್ಗಿ ಶುರುವಾಗಿತ್ತು, ದಿನಾ ಬರಲು ಆಗುತ್ತಿರಲಿಲ್ಲ. ಬಂದರೂ ಮೈತುಂಬ ಘಾಟು, ಸ್ನಾನ ಮಾಡದೆ ಹೆಂಡತಿಯ ಕೋಣೆಗೆ ಪ್ರವೇಶವಿಲ್ಲ. ಅಂದು ರಾತ್ರಿ ಫೋನಿನಲ್ಲಿ ಪುಸ್ತಕದ ಸಂಗತಿ ಕೇಳಿದಾಗ ಅವನು ನಗಲಿಲ್ಲ. ಅವನೂ ಆ ಸೀಮೆಯವನೇ. ತನಗೆ ತಿಳಿದ ಪರಿಹಾರ ಹೇಳಿದ.

“ಅತ್ತಿ, ಗಂಟಿ ಸದ್ದು ಮಾಡಲಿಲ್ಲ ಅಂದ್ರ ನಾವ ಮಾಡಸೋಣು. ನಾಳೆ ಮುಂಜಾನೆ ಕದರಮಂಡಲಗಿಗೆ ಹೋಗ್ತೇನಿ. ಹನುಮಪ್ಪನ ಗುಡಿ ಗಂಟಿ ಹೊಡೀತೇನಿ. ಫೋನ್ ಹಚ್ಚಿರ್ತೇನಿ, ಅಕಿಗೆ ಕೇಳಿಸ್ರಿ. ಮಾತು ಅಲ್ಲಿಗೆ ಮುಗೀತು.”

ಮೈಲವ್ವನ ಮುಖಕ್ಕೆ ಎಷ್ಟೋ ಹೊತ್ತಿನ ಮೇಲೆ ಬಣ್ಣ ಬಂತು. ಅಳಿಯ ಹೇಳಿದ್ದರಲ್ಲಿ ತರ್ಕವಿತ್ತು. ಊರ ಗಂಟೆ ಯಾವ ಊರಿನದೆಂದು ಕಾರಣಿಕ ಹೇಳಿರಲಿಲ್ಲವಲ್ಲ.

ಬೆಳಿಗ್ಗೆ ಫೋನು ಬಂತು. ಮೈಲವ್ವ ಸ್ಪೀಕರ್ ಹಾಕಿಸಿ, ಫೋನನ್ನು ಪ್ರಿಯಾಂಕಾಳ ಹೊಟ್ಟೆಯ ಮೇಲೆ ಸೆರಗಿನ ಮಡಿಕೆಯಲ್ಲಿ ನಿಲ್ಲಿಸಿದಳು. ಆ ಕಡೆಯಿಂದ ಗುಡಿಯ ಗದ್ದಲ, ಯಾರದೋ ಮಂತ್ರ, ಮೈಲೇಶನ ಏದುಸಿರು.

“ಹೊಡೀಲೇನ್ರಿ?”

“ಹೊಡೀರಿ.”

ಗಂಟೆ ಢಣಾರೆಂದಿತು. ಫೋನು ಹೊಟ್ಟೆಯ ಮೇಲೆ ನಡುಗಿತು. ಮತ್ತೊಮ್ಮೆ. ಇನ್ನೊಮ್ಮೆ. ಅವನು ನಿಲ್ಲಿಸದೆ ಹೊಡೆಯುತ್ತಲೇ ಇದ್ದ. ಕೋಣೆಯ ತುಂಬ ಹನುಮಪ್ಪನ ಗಂಟೆ. ಮೈಲವ್ವ ಮಗಳ ಹೊಟ್ಟೆಯನ್ನೇ ನೋಡುತ್ತಿದ್ದಳು. ಕುಕ್ಕರಿನ ಸೀಟಿಗೆ ಒದೆಯುವ ಕೂಸು ಅದು. ಈ ಸದ್ದಿಗೆ ಎದ್ದು ಕೂರಬೇಕಿತ್ತು.

ಹೊಟ್ಟೆ ಮಿಸುಕಲಿಲ್ಲ.

“ಕೇಳಿತೇನ್ರಿ?” ಮೈಲೇಶ ಆ ಕಡೆಯಿಂದ ಕೇಳುತ್ತಿದ್ದ. “ಒದೀತೇನ್ರಿ? ಹಲೋ?”

ಪ್ರಿಯಾಂಕಾಳ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. “ನಿನ್ನೆ ಸಂಜಿಯಿಂದ ಅದು ಮಿಸುಕಾಡಿಲ್ಲಕ್ಕ,” ಎಂದಳು. “ಹೇಳಿದ್ರ ಖರೇ ಆಗತಿತ್ತು. ಅದಕ್ಕ ಹೇಳಲಿಲ್ಲ.”

ಮುಂದಿನದೆಲ್ಲ ಓಟ. ಮೀನಾಕ್ಷಿ ಬೀದಿಗೆ ಬರಿಗಾಲಲ್ಲಿ ಓಡಿ ಆಟೋ ತಂದಳು. ಮೈಲವ್ವ ದೇವರ ಗೂಡಿಗೆ ಕೈಹಾಕಿ ಸಿಕ್ಕ ಗಂಟನ್ನು ಹಾಗೇ ಕಂಕುಳಲ್ಲಿ ಇರುಕಿಕೊಂಡು ಹತ್ತಿದಳು. ರಸ್ತೆಯ ಒಂದೊಂದು ಗುಂಡಿಗೂ ಮೂವರೂ ಒಟ್ಟಿಗೆ ಹಲ್ಲು ಕಚ್ಚುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪ್ರಿಯಾಂಕಾಳ ಹೊಟ್ಟೆಗೆ ಪಟ್ಟಿ ಕಟ್ಟಿ ಮಶೀನು ಹಚ್ಚಿದರು. ಮೊದಲು ಬರೀ ಗೊರಗೊರ. ಮೈಲವ್ವ ಕಣ್ಣು ಮುಚ್ಚಿಕೊಂಡಳು. ಆಮೇಲೆ ಟಕಟಕ ಶುರುವಾಯಿತು, ಹೊಲಿಗೆ ಮಶೀನಿನ ಹಾಗೆ. ಮೀನಾಕ್ಷಿಗೆ ಅಳು ಉಕ್ಕಿಬಂತು. ಜೀವವಿದೆ. ಆದರೆ ಆ ಹೊಲಿಗೆ ನಡುನಡುವೆ ಎಳೆಯುತ್ತಿತ್ತು, ದಾರ ಸಿಕ್ಕಿಕೊಂಡಂತೆ ನಿಧಾನವಾಗುತ್ತಿತ್ತು, ಮತ್ತೆ ಹೇಗೋ ಹಿಡಿದುಕೊಳ್ಳುತ್ತಿತ್ತು.

“ಯಾವಾಗಿಂದ ಹೀಂಗೈತಿ?” ಎಂದರು ಡಾಕ್ಟರಮ್ಮ.

ನಿನ್ನೆ ಮಧ್ಯಾಹ್ನವೇ ಅವಳು ಹೇಳಿದ್ದಳು ಎಂದು ಹೇಳಬೇಕಾದವಳು ಮೀನಾಕ್ಷಿ. ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ, ಅದು ಇನ್ನೂ ಹೆದರಿಕೆ ತಂದಿತು.

“ಎದಿ ಬಡಿತ ಇಳ್ಯಾಕತ್ತೈತಿ. ಕಾಯಾಕ ಬರಂಗಿಲ್ಲ, ಈಗ ತಗೀಬೇಕು. ತಾಯಿಗೂ ಕೂಸಿಗೂ ನಮ್ಮ ಕೈಲಾದದ್ದು ಮಾಡ್ತೇವಿ.”

ಸ್ಟ್ರೆಚರ್ ಆಪರೇಷನ್ ಕೋಣೆಯ ಬಾಗಿಲಿಗೆ ಬಂದಾಗ ಪ್ರಿಯಾಂಕಾ ಅಕ್ಕನ ಮುಂಗೈ ಹಿಡಿದಳು. ಅವಳ ಕೈ ತಣ್ಣಗಿತ್ತು.

“ಅಕ್ಕಾ, ಗಂಟಿ ಯಾಕ ಸದ್ದು ಮಾಡಲಿಲ್ಲ ಅಂತ ನೋಡಿಡು. ನಾ ಹೊರಗ ಬಂದಮ್ಯಾಲ ಹೇಳು. ಏನರ ಇರ್ಲಿ, ಹೇಳು.”

ಬಾಗಿಲು ಮುಚ್ಚಿತು.

ಹೊರಗಿನ ಪಡಸಾಲೆಯಲ್ಲಿ ಸಂತೆ. ಊರೂರಿನಿಂದ ಬಂದ ಬಾಣಂತಿಯರ ಕಡೆಯವರು, ಬುತ್ತಿ ಬಿಚ್ಚಿದವರು, ನೆಲದ ಮೇಲೆ ಉರುಳಾಡುವ ಮಕ್ಕಳು, ಯಾರದೋ ಮೊಬೈಲಿನಲ್ಲಿ ಹಾಡು, ಇನ್ಯಾರದರಲ್ಲೋ ಸುದ್ದಿ. ಔಷಧಿಯ ಕಿಟಕಿಯ ಹತ್ತಿರ ಕಾಗದದ ನಕ್ಷತ್ರವೊಂದು ತೂಗುತ್ತಿತ್ತು. ಮೂಲೆಯ ಬೆಂಚಿನಲ್ಲಿ ಕೆಂಪು ರುಮಾಲಿನ ಮುದುಕರೊಬ್ಬರು ಎಲೆ ಅಡಿಕೆ ಹಾಕಿಕೊಂಡು ಪಕ್ಕದವರ ಜತೆ ಜೋಳದ ಧಾರಣಿ ಮಾತಾಡುತ್ತಿದ್ದರು. ಜಗತ್ತು ಇಷ್ಟು ಗದ್ದಲ ಮಾಡುತ್ತಿರುವಾಗ ಒಂದು ಕೂಸು ಮಾತ್ರ ಸುಮ್ಮನಿದೆಯಲ್ಲ ಎಂದು ಮೀನಾಕ್ಷಿಗೆ ತಡೆಯಲಾರದ ಸಿಟ್ಟು ಬಂತು.

ಮೈಲವ್ವ ಮಡಿಲಿನ ಗಂಟು ಬಿಚ್ಚಿದಳು, ಮಗಳ ಹೆಸರಿನಲ್ಲಿ ಭಂಡಾರ ಹಚ್ಚಿಕೊಳ್ಳಲು. ಹಳದಿ ಬಟ್ಟೆಯೊಳಗಿಂದ ಭಂಡಾರದ ಚೀಲದ ಜತೆಗೆ ಪುಸ್ತಕವೂ ಹೊರಬಿತ್ತು. ಇಬ್ಬರೂ ಅದನ್ನು ನೋಡಿದರು.

“ಇದನ್ನ ತಂದೀಯೇನವ್ವ?”

“ನಾ ತರಲಿಲ್ಲ. ಬಂದೈತಿ.” ಮೈಲವ್ವ ಹಿಂದೆ ಸರಿದಳು. “ತಗೀಬ್ಯಾಡ ಅದನ್ನ.”

“ಅಕಿ ಓದು ಅಂದಾಳ.”

“ಮೀನಾಕ್ಷಿ, ನಿನ್ನ ಕಾಲಿಗೆ ಬೀಳ್ತೇನಿ, ತಗೀಬ್ಯಾಡ. ಒಂದು ಮಾತಿನಿಂದ ಇಷ್ಟಾತು. ಇನ್ನೊಂದು ಬಿದ್ರ ಅಕೀನೂ ಉಳಿಯಾಂಗಿಲ್ಲ.”

ಅವ್ವನ ಬಾಯಿಂದ ಅದು ಬಂದ ಮೇಲೆ ಮೀನಾಕ್ಷಿಗೆ ಗೊತ್ತಾಯಿತು, ತಾನೂ ಇಷ್ಟು ದಿನ ಹೆದರಿದ್ದು ಇದಕ್ಕೇ ಎಂದು. ಆದರೆ ಒಳಗೆ ಮಲಗಿದವಳು ಏನಾದರೂ ಇರಲಿ ಎಂದು ಹೇಳಿಹೋಗಿದ್ದಳು. ಅರಿಸಿನ ಮೆತ್ತಿದ ರಟ್ಟು ತೆರೆದು, ಮುನ್ನುಡಿ ದಾಟಿ, ಆ ಸಾಲನ್ನು ಬೆರಳಿನಿಂದ ಮುಚ್ಚಿ, ಅದರ ಮುಂದಿನದನ್ನು ಗಟ್ಟಿಯಾಗಿ ಓದಿದಳು.

“‘ಗಂಟೆಯ ಒಳಗೆ ಪಾರಿವಾಳವೊಂದು ಗೂಡು ಕಟ್ಟಿತ್ತು, ಮೊಟ್ಟೆಯೊಡೆದು ಮರಿ ಹೊರಗೆ ಬರುವ ತನಕ ಹಗ್ಗವನ್ನು ಯಾರೂ ಮುಟ್ಟಕೂಡದೆಂದು ಪಾದ್ರಿಗಳು ಊರಿಗೆಲ್ಲ ಹೇಳಿಬಿಟ್ಟಿದ್ದರು.’”

ಮೈಲವ್ವ ಪುಸ್ತಕದ ಕಡೆ ಬಗ್ಗಿದಳು. ಕಾರಣಿಕ ಬಿಡಿಸುವವರ ಮಗಳು ಅವಳು. ಗಂಟೆ, ಗಂಟೆಯ ಹೊಟ್ಟೆ, ಹೊಟ್ಟೆಯೊಳಗಿನ ಮೊಟ್ಟೆ, ಎಲ್ಲವೂ ಅವಳ ಕಣ್ಣಿನ ಹಿಂದೆ ಸಾಲಾಗಿ ಹಾದು ಹೋದದ್ದು ಮೀನಾಕ್ಷಿಗೆ ಕಾಣಿಸಿತು.

“ಮರಿ ಸಲುವಾಗಿ ಸುಮ್ಮನಿತ್ತೇನು ಅದು?”

“ಹೂಂ ಅವ್ವ.”

“ಆಮ್ಯಾಲ? ಮರಿ ಬಂತೇನು?”

ಮೀನಾಕ್ಷಿ ಮೂರನೇ ಸಾಲಿಗೆ ಕಣ್ಣು ಹಾಕುವಷ್ಟರಲ್ಲಿ ಆಪರೇಷನ್ ಕೋಣೆಯ ಬಾಗಿಲು ಅರ್ಧ ತೆರೆಯಿತು. ನರ್ಸಮ್ಮ ಒಬ್ಬರು ಬಟ್ಟೆಯ ಕಟ್ಟು ತೆಗೆದುಕೊಳ್ಳಲು ಹೊರಗೆ ಬಂದರು.

“ಸಿಸ್ಟರ್, ಪ್ರಿಯಾಂಕಾ?”

“ತಾಯಿ ಆರಾಮದಾಳ. ಕೂಸು ಹೊರಗ ತಗದಾರ.” ನರ್ಸಮ್ಮ ಅವರ ಮುಖ ನೋಡಲಿಲ್ಲ. “ಇನ್ನೂ ಅತ್ತಿಲ್ಲ. ನೋಡಾಕತ್ತಾರ.”

ಬಾಗಿಲು ಮತ್ತೆ ಮುಚ್ಚಿತು.

ಅತ್ತಿಲ್ಲ. ಮೀನಾಕ್ಷಿ ಬಾಗಿಲಿಗೆ ಕಿವಿ ಹಚ್ಚಿದಳು. ಏನೂ ಕೇಳಿಸಲಿಲ್ಲ. ಒಳಗೆ ಸದ್ದಿಲ್ಲದ್ದಕ್ಕೋ, ಹೊರಗೆ ಸದ್ದು ಜಾಸ್ತಿಯಾದ್ದಕ್ಕೋ ತಿಳಿಯಲಿಲ್ಲ. ಹಿಂದೆ ಮೊಬೈಲಿನ ಹಾಡು, ಮಕ್ಕಳ ಕಿರುಚಾಟ, ಸ್ಟೀಲಿನ ಡಬ್ಬಿಯ ಮುಚ್ಚಳ, ಜೋಳದ ಧಾರಣಿ. “ಸುಮ್ಮನಿರ್ರಿ,” ಎಂದಳು. “ಸ್ವಲ್ಪ ಸುಮ್ಮನಿರ್ರಿ, ಕೈ ಮುಗೀತೇನಿ.” ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಆಗ ಮೈಲವ್ವ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಜಾರಿತ್ತು, ಹಣೆಯ ತುಂಬ ಭಂಡಾರ. ಹುಟ್ಟಿದಾಗಿನಿಂದ ವರ್ಷಾ ವರ್ಷಾ ಕೇಳಿದ ಮಾತು ಅದು. ಹೆಣ್ಣುಮಕ್ಕಳ ಬಾಯಲ್ಲಿ ಅದನ್ನು ಯಾರೂ ಯಾವತ್ತೂ ಕೇಳಿದ್ದಿಲ್ಲ. ಅವಳು ಹೊಟ್ಟೆಯೊಳಗಿನ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

“ಸದ್ದಲೇ!”

ಪಡಸಾಲೆ ನಿಂತಿತು. ಬೇರೆ ಯಾವ ಊರಾಗಿದ್ದರೂ ಹುಚ್ಚಿಯೆಂದು ತಿರುಗಿ ನೋಡುತ್ತಿದ್ದರು. ಇದು ರಾಣೆಬೆನ್ನೂರು. ಆ ಮಾತು ಬಿದ್ದರೆ ಬಾಯಿ ಮುಚ್ಚಬೇಕೆಂದು ಇಲ್ಲಿನವರಿಗೆ ಹಾಲು ಕುಡಿಯುವಾಗಲೇ ಗೊತ್ತು. ತಾಯಂದಿರು ಮಕ್ಕಳ ಬಾಯಿಗೆ ಕೈ ಇಟ್ಟರು. ಮೊಬೈಲಿನ ಹಾಡು ನಿಂತಿತು. ಜೋಳದ ಧಾರಣಿ ಅರ್ಧಕ್ಕೇ ನಿಂತಿತು. ಮೂಲೆಯ ಮುದುಕರು ಕೂತಲ್ಲೇ ಎರಡೂ ಕೈ ಜೋಡಿಸಿಕೊಂಡರು. ಎಲ್ಲರೂ ಆ ಹೆಂಗಸಿನ ಬಾಯನ್ನೇ ನೋಡುತ್ತಿದ್ದರು. ಸದ್ದಲೇ ಎಂದ ಮೇಲೆ ಒಂದು ಮಾತು ಬರಲೇಬೇಕು.

ಮೈಲವ್ವನ ಬಾಯಲ್ಲಿ ಮಾತಿರಲಿಲ್ಲ. ಅವಳು ಬಾಗಿಲ ಕಡೆ ತಿರುಗಿ ನಿಂತಿದ್ದಳು. ಅವಳನ್ನು ನೋಡಿ ಎಲ್ಲರೂ ಬಾಗಿಲ ಕಡೆ ತಿರುಗಿದರು.

ಏನೂ ಇಲ್ಲ. ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಮೀನಾಕ್ಷಿ ಉಸಿರು ಹಿಡಿದು, ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಬಾ, ಬಾ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು. ಯಾರನ್ನು ಬೇಡುತ್ತಿದ್ದಳೋ ಅವಳಿಗೆ ಗೊತ್ತಿರಲಿಲ್ಲ. ಇನ್ನೂ ಏನೂ ಇಲ್ಲ. ಒಂದು ಮಗು ಕೆಮ್ಮಿತು, ಅದರ ತಾಯಿ ಅದನ್ನು ಎದೆಗೆ ಅವಚಿಕೊಂಡಳು.

ಆಮೇಲೆ ಬಾಗಿಲ ಆ ಕಡೆಯಿಂದ ತೆಳ್ಳಗೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ಒಂದು ದನಿ ಬಂತು. ನಿಂತಿತು. ಮತ್ತೆ ಬಂತು. ಈ ಸಲ ಸಿಟ್ಟಿನಿಂದ, ನಿಲ್ಲದೆ.

ಮೂಲೆಯ ಬೆಂಚಿನಿಂದ ಮುದುಕರು ಕೈ ಜೋಡಿಸಿದವರು ಹಾಗೇ, “ಪರಾಕ್,” ಎಂದರು.

ಮೈಲವ್ವ ನೆಲದ ಮೇಲೆ ಕುಸಿದು ಕೂತಳು. ಅಳುತ್ತಿದ್ದಳು, ಅಳುತ್ತಲೇ ಮಗಳ ಸೀರೆಯ ನೆರಿಗೆ ಹಿಡಿದು ಎಳೆದಳು.

“ಮೂರನೇದ್ದು ಓದು,” ಎಂದಳು.